ವೈಡೂರ್ಯದ ಜಾಡು: ತಾಳಮಲೆಯ ತರಗತಿಯಲ್ಲಿ ಪ್ರಾಚೀನ ಇತಿಹಾಸ



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ತಾಳಮಲೆಯ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿದವರು. ಅವರ ನೆನಪಿನಲ್ಲಿ ಮಾತಾಡಲು ನನ್ನನ್ನು ಕರೆದಿದ್ದೀರಿ, ಕೃತಜ್ಞ. ಇತಿಹಾಸವನ್ನು ಒಗಟು ಬಿಡಿಸುವಂತೆ ಕಲಿಸುವ ಪದ್ಧತಿಯ ಚರಿತ್ರೆಯನ್ನು ನಾನು ಹೇಳಹೊರಡುವುದಿಲ್ಲ. ಇಂಗ್ಲೆಂಡಿನಲ್ಲಿ 1972ರಲ್ಲಿ ಶುರುವಾದ ಶಾಲಾ ಇತಿಹಾಸ ಯೋಜನೆ, ಅದರಲ್ಲಿ ಮಕ್ಕಳ ಮುಂದಿಟ್ಟ ಟೊಲುಂಡ್ ಮನುಷ್ಯನ ಶವದ ಒಗಟು, ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ.

ನನ್ನ ತಕರಾರು ಒಂದೇ. ನಮ್ಮ ತರಗತಿಗಳಲ್ಲಿ ನಡೆಯುವ ಪತ್ತೇದಾರಿಕೆಯಲ್ಲಿ ಉತ್ತರ ಮೊದಲೇ ಮೇಷ್ಟ್ರ ಮೇಜಿನ ಖಾನೆಯಲ್ಲಿರುತ್ತದೆ. ಮಕ್ಕಳು ಸಾಕ್ಷ್ಯ ನೋಡುವುದಿಲ್ಲ, ಮೇಷ್ಟ್ರ ಮುಖ ನೋಡುತ್ತಾರೆ. ವಿದ್ವಾಂಸರೇ ಇನ್ನೂ ಬಿಡಿಸದ, ಮಕ್ಕಳ ಕಾಲ ಕೆಳಗಿನ ನೆಲದ್ದೇ ಆದ ಒಗಟು ಬೇಕು. ತಾಳಮಲೆಗೆ ಅಂಥದ್ದೊಂದಿದೆ.

ಎರಡನೆಯ ಶತಮಾನದ ಭೂಗೋಳಕಾರ ಟಾಲೆಮಿ ದಕ್ಷಿಣದ ಒಳನಾಡಿನ ಊರುಗಳ ಪಟ್ಟಿಯಲ್ಲಿ ‘ಪೌನ್ನಾಟ’ ಎಂದು ಬರೆದು, ಅಲ್ಲಿ ಬೆರಿಲ್ ಸಿಗುತ್ತದೆ ಎನ್ನುತ್ತಾನೆ. ಬೆರಿಲ್ ಎಂಬ ಹೆಸರೇ ನಮ್ಮ ಪ್ರಾಕೃತದ ‘ವೇರುಲಿಯ’ದಿಂದ, ಅಂದರೆ ವೈಡೂರ್ಯದಿಂದ, ಗ್ರೀಕಿಗೆ ಹೋದದ್ದು. ಈ ಪೌನ್ನಾಟ ಎಲ್ಲಿ? ಶಾಸನತಜ್ಞ ಬಿ. ಎಲ್. ರೈಸ್ ಕಬಿನಿ ಸೀಮೆಯ ಪುನ್ನಾಟವೆಂದರು. ಕೀರ್ತಿಪುರ, ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು, ಅದರ ರಾಜಧಾನಿ. ಗಂಗರ ಅರಸ ದುರ್ವಿನೀತನ ತಾಯಿ ಪುನ್ನಾಟದ ಅರಸು ಮನೆತನದ ಮಗಳು. ಇದಿರು ಪಕ್ಷ ಬೆರಳು ತೋರುವುದು ಕಾಂಗೇಯಂ ಬಳಿಯ ಪಡಿಯೂರಿನತ್ತ: ಬೆರಿಲ್ ಗಣಿ ಇದ್ದದ್ದು ಅಲ್ಲಿ, 1819–20ರಲ್ಲೂ ಅಗೆದಿದ್ದಾರೆ. ಟಾಲೆಮಿಯ ಪಟ್ಟಿಯಲ್ಲಿ ಪೌನ್ನಾಟದ ನೆರೆಯಲ್ಲೇ ಚೇರರ ರಾಜಧಾನಿ ಕರೂರಾ ಇದೆ.

ರೈಸರನ್ನು ಗೌರವಿಸುತ್ತಲೇ ಹೇಳುತ್ತೇನೆ: ಹೆಸರಿನ ಹೋಲಿಕೆಯೊಂದೇ ಸಾಕ್ಷ್ಯವಾಗಲಾರದು. ಪಡಿಯೂರಿನ ಪಕ್ಷದವರಿಗೂ ಕೇಳುತ್ತೇನೆ: ಗಣಿ ತೋರಿಸಿದಿರಿ, ಸರಿ, ಪೌನ್ನಾಟ ಎಂಬ ಹೆಸರು ಎಲ್ಲಿಂದ ಬಂತು?

ಈ ಎರಡು ಸೀಮೆಗಳ ನಡುವೆ, ದಿಂಬಂ ಘಾಟಿಯ ತಲೆಯ ಮೇಲೆ ನಮ್ಮ ತಾಳಮಲೆ ಇರುವ ತಾಳವಾಡಿ ಸೀಮೆ ಕೂತಿದೆ. ಮೈಸೂರು ಪ್ರಸ್ಥಭೂಮಿಯಿಂದ ಕೊಂಗುನಾಡಿಗೆ ಇಳಿಯುವ ಹಳೆಯ ಗಜ್ಜಲಹಟ್ಟಿ ಕಣಿವೆಯೂ ದೂರವಿಲ್ಲ. ಏಳನೆಯ ತರಗತಿಯ ಮಕ್ಕಳಿಗೆ ನಾನು ನಾಲ್ಕು ಚೀಟಿ ಕೊಟ್ಟೆ: ಟಾಲೆಮಿಯ ಸಾಲು, ಪುನ್ನಾಟದ ಅರಸರ ವಿವರ, ಪಡಿಯೂರಿನ ಗಣಿ, ನೊಯ್ಯಲ್ ದಂಡೆಯ ಕೊಡುಮಣಲಿನ ಉತ್ಖನನದಲ್ಲಿ ಸಿಕ್ಕ ಬೆರಿಲ್ ಕೆಲಸದ ಕುರುಹು. ಮೊದಲ ದಿನ ಎಲ್ಲರೂ ಪುನ್ನಾಟದ ಪಕ್ಷ. ಯಾಕೆಂದರೆ ಅದು ಕನ್ನಡದ್ದು. ನನಗದರಿಂದ ನೋವಾಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ರಾಜ್ಯಗಳ ಆ ಗೆರೆಯನ್ನು ಟಾಲೆಮಿಯ ಕಾಲಕ್ಕೂ ಎಳೆಯಬಾರದು.

ಎರಡನೆಯ ದಿನ ಹುಡುಗಿಯೊಬ್ಬಳು ಎದ್ದು ನಿಂತಳು. “ನಮ್ ಹೊಲ್ದ ಅರಿಸ್ನ ಈರೋಡ್‌ಗ ಹೋದ್ರ ಈರೋಡ್ ಅರಿಸ್ನ ಅಂತಾರಲ್ವ ಸಾ?”

ನಾನು ಸುಮ್ಮನಾಗಿಬಿಟ್ಟೆ. ವೈಡೂರ್ಯ ಎಂಬ ಶಬ್ದ ವಿದೂರದಿಂದ ಬಂತೆನ್ನುವ ಪಾಣಿನಿಯ ಸೂತ್ರಕ್ಕೆ ಪತಂಜಲಿ ಎತ್ತುವ ಆಕ್ಷೇಪವೂ ಇದೇ: ಕಲ್ಲು ಹುಟ್ಟುವುದು ವಾಲವಾಯ ಪರ್ವತದಲ್ಲಿ, ಸಂಸ್ಕಾರಗೊಳ್ಳುವುದು ವಿದೂರದಲ್ಲಿ. ಹುಟ್ಟಿದ ಊರು ಬೇರೆ, ಹೆಸರು ಕೊಟ್ಟ ಊರು ಬೇರೆ. ಹಾಗಾದರೆ ಪುನ್ನಾಟ ಗಣಿಯಾಗಿರದೆ ಕಲ್ಲು ಕೈ ಬದಲಾಗುವ ಪೇಟೆಯಾಗಿದ್ದಿರಬಹುದು. ಇದು ನನ್ನ ಊಹೆ. ಊಹೆಯೆಂದೇ ಮುಂದಿಡುತ್ತೇನೆ.

ಇಂಥ ಪಾಠಕ್ಕೆ ಆಕ್ಷೇಪವೂ ಇದೆ: ಮಾರ್ಗದರ್ಶನ ಕಡಿಮೆಯಿದ್ದರೆ ಹೊಸಬರು ಚೆನ್ನಾಗಿ ಕಲಿಯುವುದಿಲ್ಲ ಎಂದು ಶಿಕ್ಷಣ ಸಂಶೋಧಕರಾದ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ವಾದಿಸಿದರು. ಅವರ ಎಚ್ಚರಿಕೆ ನಿಜ. ಚೀಟಿಗಳನ್ನು ಆರಿಸಿದ್ದು, ಟಾಲೆಮಿ ಯಾರೆಂದು ಹೇಳಿಕೊಟ್ಟದ್ದು ನಾನೇ. ಮಕ್ಕಳನ್ನು ಕಾಡಿನಲ್ಲಿ ಬಿಡಲಿಲ್ಲ. ಆದರೆ ಆ ಸಂಶೋಧಕರ ವಾದವನ್ನು ಹಿಡಿದು ಮಕ್ಕಳಿಗೆ ತೀರ್ಮಾನ ಮಾತ್ರ ಉಣಿಸಬೇಕೆನ್ನುವವರನ್ನು ನಾನು ಒಪ್ಪುವುದಿಲ್ಲ. ಅರಿಶಿನದ ಮಾತು ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. ನಮ್ಮ ಮೇಷ್ಟ್ರು ಇದ್ದಿದ್ದರೆ ಆ ಹುಡುಗಿಯನ್ನು ಮುಂದೆ ಕರೆದು ಮತ್ತೊಮ್ಮೆ ಹೇಳಿಸುತ್ತಿದ್ದರು.

ನನ್ನ ಊಹೆ ಕೇಳಿ ಹಿಂದಿನ ಸಾಲಿನ ಹುಡುಗ ಕೊಡುಮಣಲಿನ ಚೀಟಿಯನ್ನೇ ಎತ್ತಿ ಹಿಡಿದ. ಅಲ್ಲಿ ಕೆಲಸದ ಕುರುಹು ಸಿಕ್ಕಿದೆಯಲ್ಲ, ಹಾಗಾದರೆ ಕಿತ್ತೂರಿನ ಮಣ್ಣಿನಲ್ಲೂ ಒಂದು ಚೂರಾದರೂ ಸಿಗಬೇಡವೇ ಎಂದ. ಅವನ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಈ ಸಭೆಯಲ್ಲಿರುವ ಪುರಾತತ್ತ್ವದವರ ಮುಂದೆ ಅದನ್ನೇ ಇಡುತ್ತಿದ್ದೇನೆ.