ತಂಬೂರಿಯ ಮೇಲೆ ನಿಂತ ಜಾಜ್

(ಬೆಂಗಳೂರಿನ ಅರೆಕೆರೆಯಲ್ಲಿ ಸಂಗೀತಾಸಕ್ತರ ಮುಂದೆ ಮಾಡಿದ ಭಾಷಣ)

ಜಾಜ್ ಹೊಸದಾಗಿ ಕೇಳುವವರಿಗೆ ನಾನು ಮೊದಲು ಹೇಳುವುದು ಪಿಯಾನೋ, ಬಾಸ್, ಡ್ರಮ್‌ಗಳ ಮೂವರ ಮೇಳವನ್ನು ಕೇಳಿ ಎಂದು. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಬಿಲ್ ಇವಾನ್ಸ್ ಮೇಳ ನುಡಿಸಿದ್ದು ಧ್ವನಿಮುದ್ರಿಕೆಯಾಗಿ ಉಳಿದಿದೆ. ಅಲ್ಲಿ ಸ್ಕಾಟ್ ಲಫಾರೊ ಅವರ ಬಾಸ್ ಬರಿಯ ಪಕ್ಕವಾದ್ಯವಲ್ಲ. ಪಿಯಾನೋದೊಡನೆ ಸರಿಸಮನಾಗಿ ಮಾತಿಗೆ ಇಳಿಯುತ್ತದೆ. ಹನ್ನೊಂದೇ ದಿನಗಳ ನಂತರ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25.

ಈ ಹೊತ್ತು ಕೇಳಿಸಲು ತಂದಿರುವುದು ಮಾತ್ರ ಪಿಯಾನೋ ಇಲ್ಲದ, ನಮ್ಮ ಊರಿನವರೇ ಸೇರಿ ಮಾಡಿದ ‘ಜ್ಯೋತಿ’. 1983ರಲ್ಲಿ ಧ್ವನಿಮುದ್ರಣಗೊಂಡ ಇದನ್ನು ಹೊರತಂದದ್ದು ಜರ್ಮನಿಯ ಇಸಿಎಂ ಸಂಸ್ಥೆ. ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ ಇದರಲ್ಲಿ ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ನುಡಿಸಿದ್ದಾರೆ. ಅವರೊಡನೆ ಇರುವವರು ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು. ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಟಿ.ಎನ್. ಶಶಿಕುಮಾರ್ ಅವರ ಖಂಜಿರ.

‘ಫ್ಯೂಷನ್’ ಎಂದೊಡನೆ ನಮ್ಮ ರಸಿಕರು ಮೂಗು ಮುರಿಯುತ್ತಾರೆ. ಅದರಲ್ಲಿ ಅವರ ತಪ್ಪು ಹೆಚ್ಚೇನಿಲ್ಲ. ಎರಡು ಸಂಗೀತಗಳನ್ನು ಒಂದೇ ವೇದಿಕೆಯಲ್ಲಿ ಕೂರಿಸಿದ್ದನ್ನೇ ಬೆಸುಗೆ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ‘ಜ್ಯೋತಿ’ ಆ ಜಾತಿಯದಲ್ಲ. ಜಾಜ್ ವಾದಕನ ಕಾಲ ಕೆಳಗೆ ಸಾಮಾನ್ಯವಾಗಿ ಪಿಯಾನೋ ಸ್ವರಗುಚ್ಛಗಳು ಚಲಿಸುತ್ತಿರುತ್ತವೆ. ಗುಚ್ಛ ಬದಲಾದರೆ ಅವನು ಹಿಡಿದ ಅದೇ ಸ್ವರಕ್ಕೆ ಬೇರೆ ಬಣ್ಣ ಬರುತ್ತದೆ. ತಂಬೂರಿಯ ಶ್ರುತಿಯಾದರೋ ಕದಲುವುದಿಲ್ಲ. ಪ್ರತಿ ಸ್ವರವೂ ಷಡ್ಜದ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಮರಿಯಾನೊ ತಮ್ಮ ಕಸುಬಿನ ಆ ಆಸರೆಯನ್ನೇ ಬಿಟ್ಟುಕೊಟ್ಟು ಇಲ್ಲಿಗೆ ಬಂದರು.

ಸ್ಯಾಕ್ಸೊಫೋನ್ ಕೀಲಿಗಳ ವಾದ್ಯ. ಗಮಕವನ್ನು ತುಟಿ ಮತ್ತು ಉಸಿರಿನಿಂದ ಹೊರಡಿಸಬೇಕು. ಕದ್ರಿ ಗೋಪಾಲನಾಥರು ಅದನ್ನು ನಮ್ಮ ಗಾಯಕಿಗೆ ಒಗ್ಗಿಸಿದ ಬಗೆ ನಿಮಗೆ ಗೊತ್ತು. ಮರಿಯಾನೊ ಕೂಡ ನಾಗಸ್ವರ ಕಲಿತವರು, ಆದರೂ ಅವರ ಉಸಿರಿನಲ್ಲಿ ಜಾಜ್ ಉಳಿದೇ ಇದೆ. ಅದನ್ನು ಮರೆಮಾಚುವ ಪ್ರಯತ್ನ ಅವರು ಮಾಡಲಿಲ್ಲ, ನನಗೆ ಹಿಡಿಸಿದ್ದೂ ಅದೇ. ರಮಾಮಣಿಯವರೂ ಅಷ್ಟೆ, ವಿದೇಶದ ಕಿವಿಗಾಗಿ ಸ್ವರವನ್ನು ತೆಳುಮಾಡಿಲ್ಲ.

ಮಣಿ, ಮರಿಯಾನೊ ಇಬ್ಬರೂ ಈಗಿಲ್ಲ. ಮೊದಲ ಭಾಗದ ಹೆಸರು ‘ವಾಯ್ಸ್ ಸೋಲೊ’. ಸ್ಯಾಕ್ಸೊಫೋನಿಗೆ ಕಾಯುತ್ತಾ ಕೂರಬೇಡಿ, ರಮಾಮಣಿಯವರ ಧ್ವನಿಯನ್ನು ಕೇಳಿ.