ದರಿಯಾ ದೌಲತಿನ ಗೋಡೆ



ನಮ್ಮ ಹೊಸೂರು, ದೆಂಕಣಿಕೋಟೆ, ಕೃಷ್ಣಗಿರಿ ಕಡೆಯಿಂದ ಮೈಸೂರಿಗೆ ಪ್ರವಾಸ ಹೊರಟ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ರಂಗನಾಥನ ದರ್ಶನ, ನಿಮಿಷಾಂಬೆಗೆ ಕೈಮುಗಿತ, ಸಂಗಮದಲ್ಲಿ ಒಂದು ಮುಳುಗು. ಇವುಗಳ ನಡುವೆ ಅವಸರದಲ್ಲಿ ನೋಡಿ ಬರುವ ಜಾಗ ದರಿಯಾ ದೌಲತ್. ಇವತ್ತು ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡುವ ನಡುವಿನ ದ್ವೀಪವೇ ಶ್ರೀರಂಗಪಟ್ಟಣ. ಅಲ್ಲಿ ಕೋಟೆಯ ಹೊರಗೆ, ತೋಟದ ನಡುವೆ, ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಇದು. ಎತ್ತರದ ಜಗಲಿ, ಸುತ್ತ ಪಡಸಾಲೆ, ತೇಗದ ಕಂಬಗಳು. ಬಿಸಿಲು ತಾಗದಂತೆ ಇಳಿಬಿಟ್ಟ ಹಸಿರು ಪರದೆಗಳ ಹಿಂದೆ ಗೋಡೆಯ ತುಂಬ ಚಿತ್ರಗಳು.

ಪಶ್ಚಿಮದ ಗೋಡೆಗೆ ಬನ್ನಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಟಿಪ್ಪು ಮತ್ತು ಅವನ ತಂದೆ ಹೈದರಾಲಿ ಸೇರಿ ಈಸ್ಟ್ ಇಂಡಿಯಾ ಕಂಪನಿಯ ದಂಡನ್ನು ಬಗ್ಗುಬಡಿದ ಕಥೆ ಅಲ್ಲಿದೆ. ಕೆಂಪು ಅಂಗಿಯ ಸೈನಿಕರು ಚೌಕಾಕಾರದಲ್ಲಿ ನಿಂತಿದ್ದಾರೆ. ಅವರ ಮದ್ದಿನ ಬಂಡಿ ಸಿಡಿದು ಬೆಂಕಿ ಏಳುತ್ತಿದೆ. ಗಾಯಗೊಂಡ ಅವರ ನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಟಿಪ್ಪು ಮಾತ್ರ ಹೂದೋಟಕ್ಕೆ ಬಂದವನಂತೆ ಕೆಂಗುಲಾಬಿ ಮೂಸುತ್ತಿದ್ದಾನೆ.

ಈ ಚಿತ್ರ ಪಟ್ಟ ಪಾಡು ಕೇಳಿ. ಕಂಪನಿ ಪಟ್ಟಣಕ್ಕೆ ಹಾಕಿದ 1799ರ ಮುತ್ತಿಗೆಗೆ ಮೊದಲೇ ಅದು ಅಳಿಸಿಹೋಗಿತ್ತು ಎಂದು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಬರೆಯುತ್ತಾರೆ. ಮೇ 4ರಂದು ಪಟ್ಟಣ ಬಿತ್ತು, ಟಿಪ್ಪು ಮಡಿದ. ಆಮೇಲೆ ಈ ಅರಮನೆಯಲ್ಲಿ ವಾಸಕ್ಕೆ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ತನ್ನವರ ಸೋಲಿನ ಚಿತ್ರವನ್ನು ಅವನೇ ಸರಿಮಾಡಿಸಿದ. ಮತ್ತೆ ಯಾರೋ ಸುಣ್ಣ ಬಳಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿಗೆ ಬಂದಾಗ ಮತ್ತೆ ಬರೆಸಲು ಅಪ್ಪಣೆ ಮಾಡಿದ. ಮೂಲ ಚಿತ್ರ ಕಂಡಿದ್ದ ಇಲ್ಲಿಯವನೇ ಆದ ಒಬ್ಬ ಕಲಾವಿದ ನೆನಪಿನಿಂದ ಅದನ್ನು ಬರೆದ. ಅಂದರೆ ನಾವು ನೋಡುತ್ತಿರುವುದು ಪೊಳ್ಳಿಲೂರನ್ನಲ್ಲ, ಪೊಳ್ಳಿಲೂರಿನ ನೆನಪಿನ ನೆನಪನ್ನು. ಗೆದ್ದವರಿಗೆ ಅದು ಹೆಮ್ಮೆ. ಸೋತು ಮತ್ತೆ ಗೆದ್ದವರಿಗೂ ಬಹುಶಃ ಹೆಮ್ಮೆಯೇ. ಎದುರಾಳಿ ದೊಡ್ಡವನಾದಷ್ಟೂ ಗೆಲುವು ದೊಡ್ಡದಲ್ಲವೇ?

ಭಾರತೀಯ ಪುರಾತತ್ವ ಇಲಾಖೆ 1959ರಲ್ಲಿ ಇಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ನಾಣ್ಯ, ಆಯುಧಗಳ ಜೊತೆಗೆ ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಬರೆದ, ಪಟ್ಟಣದ ಮೇಲಿನ ಲಗ್ಗೆಯ ತೈಲಚಿತ್ರವಿದೆ. ಗೋಡೆಯ ಮೇಲೆ ಮೈಸೂರಿನ ಗೆಲುವು, ಒಳಗೆ ಮೈಸೂರಿನ ಸೋಲು. ಎರಡೂ ಒಂದೇ ಸೂರಿನಡಿ.

ನಮಗೂ ಇದಕ್ಕೂ ಏನು ನಂಟು? ಇದೆ. 1791ರ ಜುಲೈನಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ದಂಡು ಹೊಸೂರು, ರಾಯಕೋಟೆಗಳನ್ನು ಹಿಡಿಯಿತು. ನವೆಂಬರಿನಲ್ಲಿ ಕೃಷ್ಣಗಿರಿ ಬೆಟ್ಟ ಹತ್ತಲು ಹೋದ, ಅದೇ ದಂಡಿನ ಮ್ಯಾಕ್ಸ್‌ವೆಲ್ಲನ ಪಡೆ ಮಾತ್ರ ಬರಿಗೈಲಿ ಇಳಿಯಿತು. ಆದರೆ ಆಯುಧಕ್ಕೆ ಸಿಕ್ಕದ ಬೆಟ್ಟ ಕಾಗದಕ್ಕೆ ಸಿಕ್ಕಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕೃಷ್ಣಗಿರಿ ಸೇರಿದ ಬಾರಾಮಹಲ್ ಸೀಮೆ ಕಂಪನಿಯ ಪಾಲಾಯಿತು. ಘಟ್ಟದ ಮೇಲಿನ ಹೊಸೂರು ಸೀಮೆ ಮಾತ್ರ ಮೈಸೂರಿಗೆ ಮರಳಿ, ಇನ್ನೂ ಏಳು ವರ್ಷ ಅದರದಾಗಿಯೇ ಉಳಿದು, 1799ರಲ್ಲಿ ಕೈಬದಲಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎನ್ನುವ ನಮ್ಮ ಬದುಕಿನ ಬೇರು ಆ ವರ್ಷಗಳಲ್ಲೂ ಇದೆ.

ಆ ಒಪ್ಪಂದದ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೀರುವ ತನಕ ಟಿಪ್ಪು ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಸಂಗ್ರಹಾಲಯದಲ್ಲಿ ಟಿಪ್ಪುವಿನ ಮಕ್ಕಳ ಪೆನ್ಸಿಲ್ ಚಿತ್ರಗಳಿವೆ, ಥಾಮಸ್ ಹಿಕ್ಕಿ ಬರೆದವು. ಬಣ್ಣವಿಲ್ಲ, ಬೆಂಕಿಯಿಲ್ಲ, ಆನೆ ಕುದುರೆಯಿಲ್ಲ. ಬಸ್ಸಿನ ಹಾರನ್ ಕೂಗಿದರೂ ಮುಂದಿನ ಸಲ ಆ ಮುಖಗಳ ಮುಂದೆ ಒಂದು ಗಳಿಗೆ ನಿಲ್ಲಿ. ನಮ್ಮ ಬೆಟ್ಟಗಳು ಕೈಬಿಟ್ಟುಹೋದ ಕಾಗದಕ್ಕೆ ಜಾಮೀನು ನಿಂತವರು ಆ ಮನೆಯ ಹುಡುಗರೇ.