ಗೇಟಿನಲ್ಲಿ ಬರೆಯುವ ಚೀಟಿ



1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಕಾರ್ಖಾನೆ ನಿಮಗೆಲ್ಲ ಗೊತ್ತು. ಕಬ್ಬಿನ ಗಾಡಿ ಯಾವ ಊರಿನದಾದರೂ ನೇರವಾಗಿ ಅರೆಯುವ ಯಂತ್ರದ ಬಳಿಗೆ ನುಗ್ಗುವುದಿಲ್ಲ. ಗೇಟಿನಲ್ಲಿ ನಿಂತು, ತೂಕವಾಗಿ ಹೋಗುತ್ತದೆ. ಅಂತರ್ಜಾಲದಲ್ಲಿ ಈ ಗೇಟಿನ ಕೆಲಸ ಮಾಡುವುದೇ ರಿವರ್ಸ್ ಪ್ರಾಕ್ಸಿ. ರಷ್ಯದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಇಂಥದ್ದು. ಹೊರಗಿನವರು ತಟ್ಟುವುದು ಅದರ 443ನೇ ಪೋರ್ಟನ್ನು. ಅರ್ಜಿಗಳನ್ನು ನೋಡಿಕೊಳ್ಳುವ ಟಾಮ್‌ಕ್ಯಾಟ್ ಒಳಗೆ 8080ರಲ್ಲಿ ಕುಳಿತಿರುತ್ತದೆ.

ಎರಡೂ ಒಂದೇ ಯಂತ್ರದಲ್ಲಿದ್ದರೆ, ಟಾಮ್‌ಕ್ಯಾಟಿಗೆ ಬಂದವರೆಲ್ಲರ ವಿಳಾಸವೂ 127.0.0.1 ಎಂದೇ ಕಾಣುತ್ತದೆ. ಐದು ಸಲ ಪಾಸ್‌ವರ್ಡ್ ತಪ್ಪಿದ ವಿಳಾಸವನ್ನು ತಡೆಯುವಂತೆ ನೀವು ಬರೆದಿದ್ದೀರಿ ಎನ್ನಿ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ. ಮಳವಳ್ಳಿಯ ಹುಡುಗನೊಬ್ಬ ಗಾಬರಿಯಲ್ಲಿ ಐದು ಸಲ ತಪ್ಪುತ್ತಾನೆ. ಮದ್ದೂರಿನ ಹುಡುಗಿಗೂ ಬಾಗಿಲು ಮುಚ್ಚುತ್ತದೆ. ಅವಳು ಮಾಡಿದ ತಪ್ಪೇನು?

ಆದ್ದರಿಂದ ಗೇಟು ಪ್ರತಿಯೊಬ್ಬರ ವಿಳಾಸವನ್ನೂ ಚೀಟಿಯಲ್ಲಿ ಬರೆದು ಒಳಗೆ ಕಳುಹಿಸಬೇಕು. ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಸಾಲು ಆ ಚೀಟಿ. ಟಾಮ್‌ಕ್ಯಾಟ್ ಅದನ್ನು ಓದಬೇಕಾದರೆ ಸರ್ವರ್ ಡಾಟ್ ಎಕ್ಸ್‌ಎಂಎಲ್ ಕಡತದಲ್ಲಿ ರಿಮೋಟ್‌ಐಪಿವಾಲ್ವ್ ಸೇರಿಸಬೇಕು. ಇಷ್ಟಕ್ಕೇ ಕೆಲಸ ಮುಗಿಯಿತೆಂದು ಎದ್ದುಬಿಡಬೇಡಿ. ಸುಳ್ಳು ಚೀಟಿಯನ್ನು ಮನೆಯಲ್ಲೇ ಬರೆದು ತರುವವರೂ ಇದ್ದಾರಲ್ಲ! ಅಂಥವರು ಗೇಟು ಬಿಟ್ಟು 8080ಕ್ಕೆ ನೇರ ಬರುತ್ತಾರೆ. ಅದು 127.0.0.1ರಲ್ಲಿ ಮಾತ್ರ ಓಗೊಡುವಂತೆ ಕನೆಕ್ಟರ್‌ನಲ್ಲಿ ಅಡ್ರೆಸ್ ಬರೆಯಿರಿ. ಆಮೇಲೆ ಮೊಬೈಲಿನಿಂದ ಒಮ್ಮೆ ಒಳಹೊಕ್ಕು, ನಿಮ್ಮ ಅಪ್ಲಿಕೇಶನ್ನಿನ ಲಾಗ್‌ನಲ್ಲಿ ಯಾವ ವಿಳಾಸ ಬಿದ್ದಿದೆ ನೋಡಿ.

ಒಂದೇ ಸೈಬರ್ ಸೆಂಟರಿನಲ್ಲಿ ಸರದಿ ನಿಂತವರ ವಿಳಾಸ ಹೇಗೂ ಒಂದೇ. ಅವರಿಗಾಗಿ, ವಿಳಾಸದ ಬದಲು ತಪ್ಪಿದ ಖಾತೆಯೊಂದನ್ನೇ ಹತ್ತು ನಿಮಿಷ ತಡೆಯುವುದು ಲೇಸು.